ಮಹಾಪೆ ನಾಕಾದಲ್ಲಿ ಡಬ್ಬಿ ಓದುವ ಪ್ರಭಾ

ಬೆಳಗ್ಗೆ ಆರು ಗಂಟೆ. ಶಿಳಫಾಟಾ ಕಡೆಯಿಂದ ಬಂದ ಟೆಂಪೊಗಳು ಮಹಾಪೆ ನಾಕಾದಲ್ಲಿ ತಪಾಸಣೆಗೆ ಸಾಲಾಗಿ ನಿಂತಿವೆ. ಪ್ರಭಾ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು, ಮೊದಲ ಟೆಂಪೊ ಹತ್ತುತ್ತಾರೆ. ಒಳಗೆ ಪೂಜೆಯ ಸಾಮಾನೂ ಇರಬಹುದು, ಮೆಟ್ಟು ಹಾಕಿ ತುಳಿಯಬಾರದು ಎಂಬುದು ಅವರ ನಿಯಮ. ಬರೀ ಬಟಾಟೆ ತಾಯಿ ಎಂದು ಡ್ರೈವರ್ ಗೊಣಗುತ್ತಾನೆ. ಇವರು ನಕ್ಕು, ಮೇಲಿನ ಮೂಟೆಗಳನ್ನು ಬಿಟ್ಟು ನೇರ ತಳದ ಸಾಲಿಗೆ ಕೈ ಹಾಕುತ್ತಾರೆ. ಬಟಾಟೆಯೇ. ಟೆಂಪೊ ಹೊರಡುತ್ತದೆ.

ವಿಧಾನಸಭಾ ಚುನಾವಣೆಗೆ ಇನ್ನು ಒಂದು ವಾರವಿದೆ. ಐವತ್ತೊಂದು ವರ್ಷದ ಪ್ರಭಾ ಮಹಾನಗರಪಾಲಿಕೆಯ ನೀರಿನ ವಿಭಾಗದಲ್ಲಿ ಗುಮಾಸ್ತೆ. ಚುನಾವಣೆ ಬಂತೆಂದರೆ, ಮತದಾರರಿಗೆ ಹಂಚುವ ಹಣ, ಉಡುಗೊರೆ ಸಾಗದಂತೆ ಗಾಡಿ ತಡೆದು ನೋಡುವ ನಾಕಾಬಂದಿ ತಂಡದ ಸದಸ್ಯೆ. ಇಬ್ಬರು ಪೊಲೀಸರು, ಒಬ್ಬ ಕ್ಯಾಮೆರಾದವ, ಒಬ್ಬ ಅಧಿಕಾರಿ, ಮತ್ತು ಇವರು. ಮಧ್ಯಾಹ್ನ ಎರಡರವರೆಗೆ ಸುಮಾರು ನೂರನಲವತ್ತು ಗಾಡಿ ನಿಲ್ಲಿಸುತ್ತಾರೆ. ಅದರಲ್ಲಿ ಮೂವತ್ತನ್ನಾದರೂ ಪ್ರಭಾ ಹತ್ತಿ ಇಳಿಯುತ್ತಾರೆ. ಮಂಡಿನೋವಿಗೆ ಎಣ್ಣೆ ಹಚ್ಚುವುದು ಮನೆಗೆ ಹೋದ ಮೇಲೆ. ನಾವು ಮತ ಹಾಕಿ ಬೆರಳಿನ ಫೋಟೊ ತೆಗೆದುಕೊಂಡು ದೇಶ ಕಾದಷ್ಟು ಬೀಗುತ್ತೇವೆ. ಆ ಮತವನ್ನು ಯಾರೋ ದೂರದಲ್ಲಿ ಕೂತು ಕೊಳ್ಳದ ಹಾಗೆ ನೋಡಿಕೊಳ್ಳುವವರು ಇಲ್ಲಿ ಧೂಳು ಕುಡಿಯುತ್ತಿರುತ್ತಾರೆ.

ಗಾಡಿಯಲ್ಲಿ ಸ್ಟೀಲ್ ಪಾತ್ರೆ ಕಂಡರೆ ಪ್ರಭಾ ಮೊದಲು ನೋಡುವುದು ಅದರ ಕಂಠವನ್ನು. ಈ ಅಭ್ಯಾಸ ತಂದೆಯಿಂದ ಬಂದದ್ದು. ಉಡುಪಿ ಕಡೆಯಿಂದ ಡೊಂಬಿವಲಿಗೆ ಬಂದ ಅವರು ಪಾತ್ರೆ ಅಂಗಡಿಯ ಮುಂದೆ ಸ್ಟೂಲು ಹಾಕಿ ಕೂತು, ಮದುವೆ, ಗೃಹಪ್ರವೇಶಗಳ ಪಾತ್ರೆಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಯುತ್ತಿದ್ದರು. ಮಗಳು ಓದಿದ್ದು ಮರಾಠಿ ಶಾಲೆಯಲ್ಲಿ, ಮನೆಯಲ್ಲಿ ಮಾತು ತುಳು. "ಕನ್ನಡ ಅಕ್ಷರ ನಾನು ಸ್ಲೇಟಿನಲ್ಲಿ ಕಲಿತದ್ದಲ್ಲ," ಎನ್ನುತ್ತಾರೆ ಪ್ರಭಾ. "ಅಪ್ಪ ಕೊರೆದ ತಂಬಿಗೆ, ಹರಿವಾಣ ಬೆರಳಲ್ಲಿ ಮುಟ್ಟಿ ಮುಟ್ಟಿ ಕಲಿತದ್ದು."

ಆ ಓದೇ 2014ರಲ್ಲಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿತು.

ನವರಾತ್ರಿಯ ಒಂದು ಬೆಳಗ್ಗೆ ಇದೇ ನಾಕಾದಲ್ಲಿ ಡಬ್ಬಿ ತುಂಬಿದ ಟೆಂಪೊ ನಿಂತಿತು. ಕೋಪರಖೈರಣೆ, ಸಾನಪಾಡಾದಲ್ಲಿರುವ ಉಡುಪಿ ಕಡೆಯ ಹೆಂಗಸರಿಗೆ ಬಾಗಿನ ಎಂದು ಕಾಗದ ಹೇಳುತ್ತಿತ್ತು. ಪೂಜಾ ಸಮಿತಿಯೊಂದು ಹತ್ತಿರದ ಕಲ್ಯಾಣ ಪಟ್ಟಣದಲ್ಲೇ ಖರೀದಿಸಿದ್ದೆಂದು ಬಿಲ್ಲು. ಮುಚ್ಚಳ ತೆಗೆದರೆ ಅರಿಸಿನ ಕುಂಕುಮದ ಪೊಟ್ಟಣ, ಅದರಡಿ ಒಬ್ಬ ಅಭ್ಯರ್ಥಿಯ ಚಿತ್ರದ ಚೀಟಿ. ಅಧಿಕಾರಿ ಅದನ್ನು ಅಭ್ಯರ್ಥಿಯ ಚುನಾವಣಾ ಖರ್ಚಿನ ಲೆಕ್ಕಕ್ಕೆ ಸೇರಿಸಿ ಮುಗಿಸುವವರಿದ್ದರು. ಕಂಠದ ಮೇಲಿನ ಅಕ್ಷರ ತೋರಿಸಿ, ಇದೇನು ಬರೆದಿದೆ ತಾಯಿ ಎಂದು ಮರಾಠಿಯಲ್ಲಿ ಕೇಳಿದರು. ಆ ತಂಡದಲ್ಲಿ ಕನ್ನಡ ಬಲ್ಲವರು ಇವರೊಬ್ಬರೇ.

ಬರೆದದ್ದು ಇಷ್ಟು: ಪುಂಡರೀಕಾಕ್ಷರ ಮಸ್ಕತ್ತಿನ ಟ್ರೇಡಿಂಗ್ ಕಂಪನಿಯ ಕೊಡುಗೆ. ವಿದೇಶಿ ಕಂಪನಿಯ ದುಡ್ಡು ಇಲ್ಲಿನ ಚುನಾವಣೆಗೆ ಬರುವಂತಿಲ್ಲ. ಅದನ್ನು ಮುಚ್ಚಿಡಲು ಸಮಿತಿ, ಬಿಲ್ಲು ಎಲ್ಲ ಹೊಂದಿಸಿದ್ದ ಜನಕ್ಕೆ, ಕೊಟ್ಟ ಪಾತ್ರೆಗೆ ಹೆಸರು ಹಾಕಿಸದೆ ಇರಲು ಮಾತ್ರ ಆಗಲಿಲ್ಲ. ನಮ್ಮವರ ಚಪಲವೇ ಅಂಥದ್ದು. ದೇವರಿಗೆ ಗಂಟೆ ಕೊಟ್ಟರೂ ದೇವರ ಹೆಸರಿಗಿಂತ ನಮ್ಮ ಹೆಸರು ದಪ್ಪಗಿರಬೇಕು.

ಆ ಪುಂಡರೀಕಾಕ್ಷರ ಕಿರಿಯ ಸಹೋದರ ಹೃಷೀಕೇಶರಿಗೆ ಸಾನಪಾಡಾದಲ್ಲಿ ಹೋಟೆಲಿತ್ತು. ಪ್ರಭಾ ಅವರ ಗಂಡ ಸರ್ವೋತ್ತಮ ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ಗಲ್ಲಾದಲ್ಲಿ ಕೂರುತ್ತಿದ್ದರು. ಇದು ಪಾತ್ರೆ ಅಂಗಡಿಯ ಹೆಸರು ಸರ್ ಎಂದು ಅಧಿಕಾರಿಗೆ ಹೇಳಿಬಿಟ್ಟಿದ್ದರೆ ಸಾಕಿತ್ತು, ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಪ್ರಭಾ ಡಬ್ಬಿಯನ್ನು ಎರಡು ಸಲ ತಿರುಗಿಸಿ ನೋಡಿದರಂತೆ. ಆಮೇಲೆ ಕ್ಯಾಮೆರಾದ ಮುಂದೆ ಗಟ್ಟಿಯಾಗಿ ಓದಿ, ಮರಾಠಿಯಲ್ಲಿ ಅರ್ಥ ಹೇಳಿ, ಪಂಚನಾಮೆಗೆ ಸಹಿ ಹಾಕಿದರು. ಚುನಾವಣೆ ಮುಗಿಯುವ ತನಕ ಡಬ್ಬಿಗಳು ಸರ್ಕಾರಿ ಗೋದಾಮಿನಲ್ಲೇ ಉಳಿದವು. ಒಂದೂ ಮನೆ ಸೇರಲಿಲ್ಲ.

ನಾಲ್ಕನೇ ದಿನ ಹೃಷೀಕೇಶರು ಸರ್ವೋತ್ತಮರಿಗೆ ನಾಳೆಯಿಂದ ಬರುವುದು ಬೇಡ ಎಂದು ಹೇಳಿ ಕಳಿಸಿದರು. ಊರಿನವರ ಸಮಾರಂಭಗಳಲ್ಲಿ ಪ್ರಭಾ ಕೂತ ಸಾಲು ಖಾಲಿಯಾಗತೊಡಗಿತು. ಕೆಲಸ ಹೋದ ಮೂರನೇ ದಿನ ಊಟಕ್ಕೆ ಕೂತಾಗ ಸರ್ವೋತ್ತಮ ಒಂದೇ ಪ್ರಶ್ನೆ ಕೇಳಿದರಂತೆ: ನಿನಗೆ ಓದಲಿಕ್ಕೆ ಬರುವುದಿಲ್ಲ ಎಂದರೆ ಆಗುತ್ತಿರಲಿಲ್ಲವಾ?

"ನಾನು ಹೇಳಿದೆ, ಹಾಗೆ ಹೇಳಿದ್ರೆ ಅಪ್ಪ ಕಲಿಸಿದ್ದೇ ಸುಳ್ಳಾಗ್ತದೆ ಅಲ್ವಾ? ಇವರು ಇನ್ನೊಂದು ಸೌಟು ಸಾರು ಹಾಕಿಸ್ಕೊಂಡ್ರು," ಎಂದು ಪ್ರಭಾ ನೆನೆಯುತ್ತಾರೆ. ಅಷ್ಟು ಸಾಕಾಯಿತಂತೆ. ಐದು ತಿಂಗಳು ಒಬ್ಬರ ಸಂಬಳದಲ್ಲೇ ಮನೆ ನಡೆಯಿತು. ಆಮೇಲೆ ಸರ್ವೋತ್ತಮರಿಗೆ ಖಾರಘರದ ಒಂದು ಕಾಲೇಜು ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಈಗಲೂ ಇದ್ದಾರೆ.

ಪ್ರಶಸ್ತಿ, ಸನ್ಮಾನ ಯಾವುದೂ ಪ್ರಭಾ ಅವರನ್ನು ಹುಡುಕಿಕೊಂಡು ಬಂದಿಲ್ಲ. ಅವರು ಕಾದೂ ಇಲ್ಲ. ನಾನು ಕೇಳಿದ್ದಕ್ಕೆ ಒಂದೇ ಆಸೆ ಹೇಳುತ್ತಾರೆ. ನಮ್ಮ ಈ ಊರಲ್ಲಿ ಮಲಯಾಳಿಗಳಿದ್ದಾರೆ, ಗುಜರಾತಿಗಳಿದ್ದಾರೆ, ತೆಲುಗರಿದ್ದಾರೆ. ಒಂದೊಂದು ನಾಕಾದಲ್ಲೂ ಬೇರೆ ಬೇರೆ ಅಕ್ಷರ ಬಲ್ಲ ನಾಲ್ಕು ಜನರನ್ನು ಹಾಕಲಿ, ಆಗ ಹೊರಗಿನ ದುಡ್ಡು ಯಾವ ಲಿಪಿಯಲ್ಲಿ ಬಂದರೂ ಸಿಕ್ಕಿಬೀಳುತ್ತದೆ ಎಂಬುದು ಅವರ ಲೆಕ್ಕಾಚಾರ.

ಎಂಟೂವರೆಗೆ ಸಾಲು ಕರಗುತ್ತದೆ. ಪ್ರಭಾ ರಸ್ತೆ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚೀಲದಿಂದ ತಿಂಡಿಯ ಡಬ್ಬಿ ತೆಗೆಯುತ್ತಾರೆ. ಒಳಗೆ ನೀರುದೋಸೆ, ಕಾಯಿಚಟ್ನಿ. ಈ ಸಲ ಹೊಸದಾಗಿ ಬಂದ ಪೊಲೀಸ್, ಕಂಠದ ಮೇಲಿನ ಚುಕ್ಕಿ ಅಕ್ಷರ ಕಂಡು, ಇದರ ಮೇಲೂ ಏನೋ ಇದೆಯಲ್ಲ ತಾಯಿ ಎಂದು ಕೆಣಕುತ್ತಾನೆ.

ಕ್ಯಾಂಟೀನಿನ ಮೊದಲ ಸಂಬಳದಲ್ಲಿ ಸರ್ವೋತ್ತಮ ಡೊಂಬಿವಲಿಯ ತನಕ ಹೋಗಿ, ಮಾವ ಕೂರುತ್ತಿದ್ದ ಅದೇ ಅಂಗಡಿಯಲ್ಲಿ ಕೊಂಡು, ಹೆಸರು ಹಾಕಿಸಿ ತಂದ ಡಬ್ಬಿ ಅದು. ಪ್ರಭಾ ಅದನ್ನು ಸೆರಗಿನಲ್ಲಿ ಒರೆಸಿ, ಅವನಿಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ: "ಪ್ರಭಾ, ಮಹಾಪೆ ನಾಕಾ, 2014."

ಓದಿ ನನ್ನ ಕಡೆ ತಿರುಗುತ್ತಾರೆ. "ಇದೊಂದನ್ನು ಮಾತ್ರ ಯಾರೂ ಜಪ್ತಿ ಮಾಡುವ ಹಾಗಿಲ್ಲ."