ಕಡಪದಿಂದ ಅರವತ್ತಾರು ನಿಮಿಷ

೨೭ ನವೆಂಬರ್ ೧೯೫೫, ಭಾನುವಾರ. ಬೆಳಗಿನಿಂದ ಉತ್ತರದ ಗಾಳಿ. ಮೋಡ ತೀರ ತಗ್ಗಿತ್ತು, ಮಳೆ ಬೀಳಲಿಲ್ಲ. ಮದರಾಸಿನ ಕಡಲಲ್ಲಿ ಚಂಡಮಾರುತ ಎದ್ದಿದೆಯೆಂದು ಪತ್ರಿಕೆಯಲ್ಲಿತ್ತು.

ಎಂಟು ಗಂಟೆಗೆ ಕೋದಂಡಪ್ಪ ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಗೆ ಬಂದ. ಊರಾಚೆಯ ವಿಮಾನದ ಮೈದಾನಕ್ಕೆ ಅವನು ಕಾವಲುಗಾರ. ತಿಂಗಳಿಗೊಂದೆರಡು ಸಣ್ಣ ವಿಮಾನ ಇಳಿಯುವ ಆ ಬಯಲಿನಲ್ಲಿ ಉಳಿದ ದಿನಗಳಲ್ಲಿ ಸುತ್ತಲ ಹಳ್ಳಿಗಳ ದನಗಳು ಮೇಯುತ್ತವೆ. ವಿಮಾನ ಬರುವ ಮುನ್ನ ಅವನ್ನು ಅಟ್ಟುವುದೇ ಅವನ ಕೆಲಸ. ಅದಕ್ಕೆ ಮೊದಲು ಹನ್ನೊಂದು ವರ್ಷ ಚಿನ್ನದ ಗಣಿಯೊಳಗೆ ಬಂಡೆ ಕೊರೆಯುವ ಯಂತ್ರ ಹಿಡಿದಿದ್ದ. ಆ ಸದ್ದಿಗೆ ಎರಡು ಕಿವಿಯೂ ಹೋದವು. ಇದು ಅವನ ಹೆಂಡತಿ ಮುತ್ಯಾಲಮ್ಮನಿಗೂ ನನಗೂ ಮಾತ್ರ ಗೊತ್ತು. ಮೇಲಿನವರಿಗೆ ತಿಳಿದರೆ ಕೆಲಸವೂ ಇಲ್ಲ, ಮೈದಾನದಂಚಿನ ಕೋಣೆಯೂ ಇಲ್ಲ. ಐದು ವರ್ಷದಿಂದ ಮುತ್ಯಾಲಮ್ಮನೇ ಆಕಾಶಕ್ಕೆ ಕಿವಿಗೊಟ್ಟು, ಸದ್ದು ಕೇಳಿದೊಡನೆ ಗಂಡನ ತೋಳು ಹಿಡಿದೆಳೆಯುತ್ತಿದ್ದಳು.

“ಅವಳು ಬಂಗಾರಪೇಟೆಗೆ ಓಗವಳೆ, ಮಗಳ ಬಾಣಂತನ,” ಎಂದು ಜೇಬಿನಿಂದ ಚೀಟಿ ತೆಗೆದ. ಕಡಪದಿಂದ ಒಂಬತ್ತು ನಲವತ್ತಕ್ಕೆ ವಿಮಾನ ಹೊರಡುವುದೆಂದು ಅದರಲ್ಲಿತ್ತು. “ಎಷ್ಟೊತ್ತಿಗೆ ಬತ್ತದೆ, ಲೆಕ್ಕ ಆಕ್ಕೊಡಿ ಮೇಷ್ಟ್ರೇ. ಗಡಿಯಾರ ನೋಡ್ಕೊಂಡೇ ದನ ಅಟ್ತೀನಿ.”

ಭೂಪಟದ ಮೇಲೆ ಅಳತೆಪಟ್ಟಿ ಇಟ್ಟೆ.

“ಕಾಗೆ ಆರೋ ದಾರಿನೋ, ಬಸ್ಸಿನ ದಾರಿನೋ?”

“ಕಾಗೆಯದೇ!” ಎಂದು ಅವನ ಕಿವಿಯ ಹತ್ತಿರ ಕೂಗಿದೆ. ರೈಲಿನಲ್ಲಾದರೆ ಜೋಲಾರಪೇಟೆ ಸುತ್ತಿ ಒಂದು ಹಗಲಿಗೂ ಮುಗಿಯದ ಪ್ರಯಾಣ. ನೆಟ್ಟಗೆ ಹಾರಿದರೆ ನೂರಹತ್ತು ಮೈಲಿ. ವಿಮಾನ ಗಂಟೆಗೆ ನೂರು ಮೈಲಿ ಹೋಗುವುದೆಂದು ಪೈಲಟ್ ಹಿಂದೊಮ್ಮೆ ಮುತ್ಯಾಲಮ್ಮನಿಗೆ ಹೇಳಿದ್ದ. ಅರವತ್ತಾರು ನಿಮಿಷ. ಹತ್ತು ನಲವತ್ತಾರು ಎಂದು ಬರೆದುಕೊಟ್ಟೆ.

ಬಾಗಿಲಲ್ಲಿ ಅವನು ತಿರುಗಿ ನಿಂತ. “ಗಾಳಿ ಇಂದ್ಗಡೆಯಿಂದ ತಳ್ತೈತೆ ಮೇಷ್ಟ್ರೇ. ಬೇಗ ಬರಾಕಿಲ್ವಾ?”

“ಅದೇನು ನಿನ್ನ ಎತ್ತಿನಗಾಡಿಯೇ? ಇಂಜಿನ್ ಕಣಯ್ಯ!” ಎಂದು ಹತ್ತಿರ ಹೋಗಿ ಕೂಗಿದೆ.

“ಓದ್ದೋರು, ನೀವೇಳಿದ್ಮೇಲೆ ಆಯ್ತು ಬುಡಿ,” ಎಂದು ನಕ್ಕು ಹೋದ.

ಹತ್ತು ಗಂಟೆಯ ಸುಮಾರಿಗೆ ಹಿತ್ತಲಿನ ಹಗ್ಗದ ಮೇಲೆ ನನ್ನ ಪಂಚೆ ದಕ್ಷಿಣಕ್ಕೆ ಹಾರಿ ಹಲಗೆಯಂತೆ ನಿಂತಿತ್ತು. ಅದನ್ನು ನೋಡುತ್ತಿದ್ದಂತೆ ದೋಣಿಯ ಲೆಕ್ಕ ನೆನಪಾಯಿತು. ಹರಿವಿನೊಡನೆ ಹೋಗುವ ದೋಣಿಯ ವೇಗಕ್ಕೆ ಹೊಳೆಯ ವೇಗವನ್ನು ಕೂಡಿಸಬೇಕು. ಇಪ್ಪತ್ತೈದು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಲೆಕ್ಕ.

ಸೈಕಲ್ ಹತ್ತಿದೆ. ಮೈದಾನದ ಬೇಲಿ ಮುಟ್ಟಿದಾಗ ಹತ್ತೂವರೆ. ವಿಮಾನ ಆಗಲೇ ಮೋಡದಿಂದಿಳಿದು, ಒಂದು ಸುತ್ತು ಹಾಕಿ, ದಕ್ಷಿಣದ ತುದಿಯಲ್ಲಿ ನೆಲಕ್ಕೆ ಬಾಗುತ್ತಿತ್ತು. ಕೋದಂಡಪ್ಪ ಅದಕ್ಕೆ ಬೆನ್ನುಮಾಡಿ, ನಡುಬಯಲಲ್ಲಿ ಕೊನೆಯ ಮೂರು ದನಗಳನ್ನು ನಿಧಾನವಾಗಿ ಅಟ್ಟುತ್ತಿದ್ದ. ನನ್ನ ಚೀಟಿಯಂತೆ ಅವನಿಗೆ ಇನ್ನೂ ಹದಿನಾರು ನಿಮಿಷವಿತ್ತು. ನಾನು ಕೂಗಿದೆ. ಯಾರನ್ನು ಕೂಗುತ್ತಿದ್ದೇನೆಂಬುದು ಆಮೇಲೆ ಹೊಳೆಯಿತು.

ದನಗಳು ತಲೆಯೆತ್ತಿ ಚೆದುರಿದವು. ಅವು ಚೆದುರಿದ್ದು ಕಂಡು ಕೋದಂಡಪ್ಪ ನೆಲಕ್ಕೆ ಬೋರಲು ಬಿದ್ದ. ಚಕ್ರಗಳು ಅವನ ಮೇಲಿಂದ ದಾಟಿ, ವಿಮಾನ ಮತ್ತೆ ಮೇಲೇರಿತು.

ವಿಮಾನದಲ್ಲಿ ಬರುವ ಅತಿಥಿಯನ್ನು ಕರೆದೊಯ್ಯಲು ಅದೇ ತಾನೇ ಜೀಪಿನಲ್ಲಿ ಬಂದ ಮೈದಾನದ ಮೇಲ್ವಿಚಾರಕ ಶ್ರೀನಿವಾಸಪ್ಪನವರು ಎಲ್ಲವನ್ನೂ ನೋಡಿದ್ದರು. ಎದ್ದು ಅಂಗಿಯ ಧೂಳು ಕೊಡವುತ್ತಿದ್ದವನ ಹಿಂದೆ ಹೋಗಿ ನಿಂತರು.

“ತಪ್ಪು ನನ್ನ ಲೆಕ್ಕದ್ದು, ಸ್ವಾಮಿ,” ಎಂದೆ. ಅವರು ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು.

“ಕೋದಂಡಪ್ಪ,” ಎಂದು ಎಂದಿನ ದನಿಯಲ್ಲಿ ಕರೆದರು. ಇನ್ನೊಮ್ಮೆ ಕರೆದರು.

ಅವನು ಧೂಳು ಕೊಡವುತ್ತಲೇ ಇದ್ದ.

ಖರ್ಚು: ಸೋಡಾ, ಎರಡು, ಎರಡಾಣೆ. ಕೋಣೆಯಿಂದ ಅವನ ಪೆಟ್ಟಿಗೆ ಹೊರಿಸಿದ ಕೂಲಿ, ಎರಡಾಣೆ. ಬಂಗಾರಪೇಟೆಗೆ ಬಸ್ಸು, ಇಬ್ಬರಿಗೆ, ಹತ್ತಾಣೆ. ವಾಪಸು, ಒಬ್ಬನಿಗೆ, ಐದಾಣೆ.