ಮಿರ್ದಿಫ್‌ನ ರಿಸೀವರ್ ಭಾರ್ಗವ

ದುಬೈಯ ಮಿರ್ದಿಫ್ ಬಡಾವಣೆಯ ಭಾರ್ಗವ ಲಿಫ್ಟಿಗೂ ಒಂದು ಕಾಲು ಹಿಂದಿಟ್ಟು, ಓಟಕ್ಕೆ ನಿಂತವನಂತೆ ಕಾಯುತ್ತಾನೆ. ಅಮೆರಿಕದ ಕಾಲೇಜಿನಲ್ಲಿ ಓದುವಾಗ ಅವನು ನೂರು ಮೀಟರ್ ಓಟಗಾರ. ಚೆಂಡನ್ನು ಕೈಯಲ್ಲೇ ಆಡುವ ಅಲ್ಲಿನ ಫುಟ್‌ಬಾಲ್ ತಂಡದಲ್ಲಿ, ದೂರದಿಂದ ಎಸೆದ ಚೆಂಡನ್ನು ಓಡುತ್ತಲೇ ಹಿಡಿಯುವ ರಿಸೀವರ್ ಕೂಡ. ಎ.ಸಿ. ರಿಪೇರಿಗೆ ಬಂದವನಿಗೂ ಇದು ಬಾಯಿಪಾಠ. “ಹತ್ತು ಪಾಯಿಂಟ್ ಏಳು ಸೆಕೆಂಡ್ ಕಣ್ರೀ!” ಎನ್ನುವಾಗ ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಾನೆ. ಹೆಂಡತಿ ಪ್ರಾರ್ಥನಾ ಎಸೆದ ಕಾರಿನ ಕೀ ಮಾತ್ರ ಪ್ರತಿ ಸಲವೂ ನೆಲಕ್ಕೇ ಬೀಳುತ್ತದೆ. “ಬಿಸಿಲು ಕಣ್ಣಿಗೆ ಹೊಡೀತು ಕಣೇ” ಎನ್ನುತ್ತಾನೆ, ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ. ಮಗಳು ಮಾನ್ಯಳಿಗೂ ಅದೇ ಆಟ ಕಲಿಸಿದ್ದಾನೆ. ಮೊನ್ನೆ ಶನಿವಾರದ ಪಂದ್ಯದಲ್ಲಿ ಗೆಲ್ಲಿಸಬೇಕಾಗಿದ್ದ ಚೆಂಡು ಅವಳ ಕೈಜಾರಿತು. “ಸಾರಿ, ಅಪ್ಪಾ” ಎಂದು ಬಿಕ್ಕುತ್ತ, ಭಾಷಣಕ್ಕೆ ಹೆದರಿ ನಿಂತಳು. ಭಾರ್ಗವ ಸುತ್ತಲೂ ನೋಡಿ ದನಿ ತಗ್ಗಿಸಿದ: “ನಾಲ್ಕು ವರ್ಷದಲ್ಲಿ ಮ್ಯಾಚಲ್ಲಿ ನಾನು ಒಂದು ಚೆಂಡೂ ಹಿಡಿದಿಲ್ಲ, ಪುಟ್ಟಿ. ನಾನು ಜೋರಾಗಿ ಓಡ್ತೀನಿ ಅಂತ ಎದುರು ತಂಡದ ಇಬ್ಬರು ನನ್ನ ಹಿಂದೇನೇ ಬರ್ತಿದ್ರು. ಆಗ ನಮ್ಮವರು ಚೆಂಡನ್ನ ಬೇರೆಯವನಿಗೆ ಎಸೀತಿದ್ರು. ನನ್ನ ಕೆಲಸ ಅಷ್ಟೇ.” ಮಾನ್ಯ ಅಳು ಮರೆತು ಕೇಳಿದಳು: “ಅಮ್ಮಂಗೆ ಗೊತ್ತಾ?” “ಮದುವೆಗೆ ಮುಂಚೇನೇ ಗೊತ್ತು” ಎಂದಳು, ಹಿಂದೆ ನಿಂತಿದ್ದ ಪ್ರಾರ್ಥನಾ.