ಶ್ರೀಮಂಗಲದಾಚೆ ಒಂದು ವಿಷಯಾಂತರ

ಶನಿವಾರಸಂತೆಯಿಂದ ಶ್ರೀಮಂಗಲವೆಂದರೆ ಜಿಲ್ಲೆಯ ಈ ತುದಿಯಿಂದ ಆ ತುದಿ. ಜನವರಿಯ ಚಳಿಯಲ್ಲಿ ಶಾಲು ಹೊದ್ದು ಮೊದಲ ಬಸ್ಸು ಹತ್ತಿದೆ. ಮಡಿಕೇರಿಯಲ್ಲಿ ಬಸ್ಸು ಬದಲಿಸಿ ವಿರಾಜಪೇಟೆಯವರೆಗೂ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಪ್ರಯಾಣ. ಅಲ್ಲಿಂದ ಮುಂದೆ ಖಾಸಗಿ ಬಸ್ಸು, ಕೈಯಿಂದಲೇ ಟಿಕೆಟ್ಟು. ಗೋಣಿಕೊಪ್ಪದಲ್ಲಿ ಬಸ್ಸು ನಿಂತಾಗ ಎರಡು ಇಡ್ಲಿ ತಿಂದು ಕಾಫಿ ಕುಡಿದೆ. ಕಾಫಿ ಬೆಳೆಯುವ ಊರಿನಲ್ಲೇ ಇಷ್ಟು ಕೆಟ್ಟ ಕಾಫಿ ಹೇಗೆ ಸಿಗುತ್ತದೋ ನನಗಿನ್ನೂ ಅರ್ಥವಾಗಿಲ್ಲ.

ಹೊರಟಿದ್ದು ಪ್ರೌಢಶಾಲಾ ಮಕ್ಕಳ ಭಾಷಣ ಸ್ಪರ್ಧೆಗೆ ತೀರ್ಪುಗಾರಳಾಗಿ. ನಿವೃತ್ತ ಕನ್ನಡ ಟೀಚರುಗಳಿಗೆ ಇಂಥ ಕರೆ ಆಗಾಗ ಬರುತ್ತದೆ. ವಿಷಯ, ‘ಸುಸ್ಥಿರ ಅಭಿವೃದ್ಧಿಯಲ್ಲಿ ಶಿಕ್ಷಣದ ಪಾತ್ರ’. ಗೆದ್ದವರು ಮಡಿಕೇರಿಗೆ ಹೋಗಿ ಜಿಲ್ಲೆಯ ದೊಡ್ಡ ಅಧಿಕಾರಿಗಳ ಎದುರು ಮಾತಾಡುವ ಏರ್ಪಾಡಿತ್ತು. ಶ್ರೀಮಂಗಲದಲ್ಲಿ ಇಳಿದಾಗ ಜೀಪು ಕಾಯುತ್ತಿತ್ತು. ಶಾಲೆ ಅಲ್ಲಿಂದ ಇನ್ನೂ ಒಳಗೆ, ಎಸ್ಟೇಟುಗಳ ನಡುವೆ. ಶಾಮಿಯಾನ, ಊಟ, ಬಹುಮಾನ ಎಲ್ಲವೂ ಪಕ್ಕದ ಎಸ್ಟೇಟಿನ ಮಾಲೀಕರದು. ಅವರೇ ಮುಖ್ಯ ಅತಿಥಿ.

ಮಕ್ಕಳು ಒಬ್ಬರಾದ ಮೇಲೊಬ್ಬರು ಬಂದು ‘ಮುಂದಿನ ಪೀಳಿಗೆ’, ‘ಸಮತೋಲನ’ ಎಂದೆಲ್ಲ ಗಿಳಿಪಾಠ ಒಪ್ಪಿಸಿದರು. ಅವರದೇನು ತಪ್ಪು? ಬರೆದುಕೊಟ್ಟವರು ದೊಡ್ಡವರು. ನನಗೆ ತೂಕಡಿಕೆ ಬರುವಷ್ಟರಲ್ಲಿ ಅದೇ ಶಾಲೆಯ ರಂಜಿತಾ ಎದ್ದಳು. ಎಂಟನೇ ಕ್ಲಾಸು, ತಾಯಿ ಅದೇ ಎಸ್ಟೇಟಿನಲ್ಲಿ ಕಾಫಿ ಕುಯ್ಯುವವರು, ಮನೆ ಕೂಲಿಯವರ ಸಾಲುಮನೆಗಳ ಲೈನಿನಲ್ಲಿ.

“ನಮಗೆ ಸೈನ್ಸ್ ಕ್ಲಾಸಲ್ಲಿ ನೀಲಿ ಕಾಗದ ಅದ್ದಿ ನೋಡ್ಲಿಕ್ಕೆ ಕಲಿಸಿದ್ದಾರೆ. ಹುಳಿ ಇದ್ರೆ ಕೆಂಪಾಗ್ತದೆ. ನಾನು ಲೈನಿನ ಪಕ್ಕ ಹರಿಯೋ ನಮ್ಮ ತೋಡಿನ ನೀರಲ್ಲಿ ಅದ್ದಿದೆ, ಕೆಂಪಾಯ್ತು. ಮಳೆಗಾಲದಲ್ಲಿ ಆಗೋದಿಲ್ಲ. ಎಸ್ಟೇಟಿನವರು ಕಾಫಿ ಹಣ್ಣಿನ ಸಿಪ್ಪೆ ತೆಗ್ದು ತೊಳೆದ ನೀರು ಬಿಡುವಾಗ ಮಾತ್ರ ಆಗ್ತದೆ. ಆವಾಗ ಮೀನೂ ಇರೋದಿಲ್ಲ. ಲೈನಿನವರು ನಾವು ಅದ್ರಲ್ಲೇ ಪಾತ್ರೆ ತೊಳೆಯೋದು, ಸ್ನಾನ ಮಾಡೋದು. ಕೈಯೆಲ್ಲ ತುರಿಸ್ತದೆ.”

ಮಾಲೀಕರು ಮೊಬೈಲು ನೋಡತೊಡಗಿದರು. ನನ್ನ ನಿದ್ದೆ ಹಾರಿಹೋಗಿತ್ತು. ವಿಜ್ಞಾನದ ಪಾಠ ಪರೀಕ್ಷೆಯ ಹಾಳೆ ದಾಟಿ ತೋಡಿನವರೆಗೆ ನಡೆದು ಹೋಗಿದ್ದನ್ನು ನನ್ನ ಇಡೀ ನೌಕರಿಯಲ್ಲಿ ನಾನು ಹೆಚ್ಚು ಕಂಡಿಲ್ಲ. ನೂರಕ್ಕೆ ನೂರು ಅಂಕ ಕೊಟ್ಟೆ.

ಆಮೇಲೆ ಆಫೀಸು ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತೆವು. ಇನ್ನೊಬ್ಬ ತೀರ್ಪುಗಾರರು ಕಾಲೇಜೊಂದರ ಉಪನ್ಯಾಸಕರು.

“ಹುಡುಗಿ ಚೆನ್ನಾಗೇ ಮಾತಾಡಿದ್ಲು ಮೇಡಂ,” ಎಂದರು. “ಆದ್ರೆ ವಿಷಯಾಂತರ ಆಯ್ತು. ನಾವು ಕೇಳಿದ್ದು ಶಿಕ್ಷಣದ ಪಾತ್ರ. ಅವಳು ತೋಡಿನ ಕಥೆ ಹೇಳಿದ್ಲು.”

“ಶಿಕ್ಷಣ ಅಂದ್ರೆ ಮತ್ತೇನ್ ಸಾರ್? ನಾವು ಹೇಳಿಕೊಟ್ಟಿದ್ದನ್ನ ಬಾಯಿಪಾಠ ಮಾಡೋದಾ?”

ಹೆಡ್‌ಮಾಸ್ಟರು ಮೂರನೇ ತೀರ್ಪುಗಾರರು. ಕೆಟ್ಟವರಲ್ಲ, ಆದರೆ ಹೆದರಿದ್ದರು. “ಟೀಚರ್, ನೀವು ಸಂಜೆ ಬಸ್ ಹತ್ತಿ ಹೋಗ್ತೀರಿ. ಮಳೆ ಬಂದ್ರೆ ಶಾಲೆ ಮಾಡು ಸೋರ್ತದೆ. ನಾಳೆ ನಾನು ಯಾರ ಹತ್ರ ಹೋಗಿ ಕೇಳ್ಲಿ?”

ಅವರ ಮಾತು ನಿಜವಾಗಿದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಸರ್ಕಾರಿ ಶಾಲೆಯ ಮಾಡು ರಿಪೇರಿಗೆ ಎಸ್ಟೇಟಿನ ಬಾಗಿಲಲ್ಲಿ ನಿಲ್ಲಬೇಕು, ಅದಕ್ಕಾಗಿ ಮಗುವೊಂದರ ಬಾಯಿ ಮುಚ್ಚಬೇಕು, ಮೇಲೆ ‘ಸುಸ್ಥಿರ’ ಅಂತ ಬ್ಯಾನರ್ ಬೇರೆ! ನಾಚಿಕೆಯಾಗಬೇಕು ನಮಗೆ.

ಗಿಳಿಪಾಠ ಒಪ್ಪಿಸಿದ ಪೇಟೆಯ ಹುಡುಗನಿಗೆ ಮೊದಲ ಬಹುಮಾನ ಹೋಯಿತು. ರಂಜಿತಾಳಿಗೆ ಸಮಾಧಾನಕರ ಬಹುಮಾನ. ಯಾರ ಸಮಾಧಾನಕ್ಕೋ ಗೊತ್ತಿಲ್ಲ. ನನಗೆ ಹೊದಿಸಲು ತಂದ ಶಾಲನ್ನು ಮೈಕಿನ ಮುಂದೆಯೇ ಬೇಡವೆಂದೆ. ಹೇಳಬೇಕೆಂದಿದ್ದ ಎರಡು ಮಾತಿಗೆ ‘ಸಮಯದ ಅಭಾವ’ ಅಡ್ಡ ಬಂತು. ವಾಪಸು ಬಿಡಬೇಕಾದ ಜೀಪೂ ಕಾಣೆಯಾಯಿತು.

ಮೇನ್ ರೋಡಿಗೆ ನಡೆದೇ ಹೊರಟೆ. ಲೈನು ಅದೇ ದಾರಿಯಲ್ಲಿದ್ದುದರಿಂದ ರಂಜಿತಾ ಜೊತೆಗೆ ಬಂದಳು, ನನ್ನ ಚೀಲವನ್ನೂ ಇಸಕೊಂಡಳು. ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು. “ಟೀಚರ್, ವಿಷಯಾಂತರ ಅಂದ್ರೆ ಎಂತ? ಹೆಡ್‌ಮಾಸ್ಟರ್ ಅದು ಆಯ್ತು ಅಂದ್ರು.”

“ಕೊಟ್ಟ ವಿಷಯ ಬಿಟ್ಟು ಬೇರೆ ಮಾತಾಡೋದು ಕಣಮ್ಮ.”

“ಅಂದ್ರೆ ನಮ್ಮ ತೋಡು ವಿಷಯದಲ್ಲಿ ಬರೋದಿಲ್ವಾ?”

“ಬರುತ್ತೆ. ಅದೇ ವಿಷಯ. ತಪ್ಪಿದ್ದು ನಾವು, ನೀನಲ್ಲ,” ಎಂದೆ.

“ಮಡಿಕೇರಿಲಿ ದೊಡ್ಡ ಆಫೀಸರು ಕೇಳಿದ್ರೆ ನೀರು ಬಿಡೋದು ನಿಲ್ಲಿಸ್ತಾರೆ ಅಂತ ಅಮ್ಮನ ಹತ್ರ ಹೇಳಿ ಬಂದಿದ್ದೆ,” ಎಂದಳು. “ಈಗ ಅಮ್ಮನಿಗೆ ಎಂತ ಹೇಳೋದು?”

ಮೇನ್ ರೋಡು ಮುಟ್ಟುವಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿತು. ಅವಳೇ ಓಡಿ ಕೈ ಅಡ್ಡ ಹಿಡಿದು ನಿಲ್ಲಿಸಿ ಚೀಲ ಒಳಗಿಟ್ಟಳು. ಕಿಟಕಿಯಿಂದ ತಿರುಗಿ ನೋಡಿದೆ. ಯೂನಿಫಾರ್ಮಿನಲ್ಲೇ ಇನ್ನೂ ರಸ್ತೆಯ ಬದಿಯಲ್ಲಿ ನಿಂತಿದ್ದಳು. ನಾನು ಕೂತಿದ್ದದ್ದು ಮಡಿಕೇರಿ ಬಸ್ಸು. ಅದರಲ್ಲಿ ಹೋಗಬೇಕಾಗಿದ್ದವಳು ಅವಳು.